ಉಳಿದಿರುವುದು ಒಂದೇ ಕಿಡ್ನಿ. ಗೆಡ್ಡೆಗೆ ರೇಡಿಯೇಷನ್ ಕೊಡಿಸಬಹುದೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ವಾನ್ ಹಿಪ್ಪೆಲ್–ಲಿಂಡೌ (ವಿಎಚ್‌ಎಲ್) ಎಂಬ ವಂಶವಾಹಿ ಕಾಯಿಲೆ ಇದೆ. ಕ್ಯಾನ್ಸರ್ ಆಗಿ ಬಲ ಕಿಡ್ನಿ ತೆಗೆದಿದ್ದಾರೆ. ಈಗ ಎಡ ಕಿಡ್ನಿಯಲ್ಲಿ ಮೂರು ಗೆಡ್ಡೆಗಳಿವೆ; ದೊಡ್ಡದು 3.2 ಸೆಂ.ಮೀ., ಉಳಿದೆರಡು 1 ಸೆಂ.ಮೀ. ಆಸುಪಾಸು. ಕ್ರಿಯೇಟಿನಿನ್ 1.6. ಮತ್ತೆ ಆಪರೇಷನ್ ಆದರೆ ಡಯಾಲಿಸಿಸ್ಸೇ ಗತಿಯೇನೋ ಎಂಬ ಭಯ. ಎಸ್‌ಬಿಆರ್‌ಟಿ ಎಂಬ ರೇಡಿಯೇಷನ್ ಇದೆಯಂತೆ. ಆದರೆ ಕಿಡ್ನಿ ಕ್ಯಾನ್ಸರ್‌ಗೆ ರೇಡಿಯೇಷನ್ ನಾಟುವುದಿಲ್ಲ ಎಂದೂ ಹೇಳುತ್ತಾರೆ. ಏನು ಮಾಡಲಿ? ನನಗೂ ನನ್ನ ಮಕ್ಕಳಿಗೂ ಪರೀಕ್ಷೆ ಬೇಕೇ?
— ಓದುಗರು, ದಾವಣಗೆರೆ

ಉತ್ತರ: ನಾಟುವುದಿಲ್ಲ ಎಂಬ ಮಾತು ಹಳೆಯದು. ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ರೇಡಿಯೇಷನ್ ಡೋಸ್‌ನ ಅಳತೆ) ವಾರಗಟ್ಟಲೆ ಕೊಡುತ್ತಿದ್ದ ಕಾಲಕ್ಕೆ ಅದು ಸರಿಯಾಗಿತ್ತು. ಎಸ್‌ಬಿಆರ್‌ಟಿ ಎಂದರೆ ಗೆಡ್ಡೆಗೆ ಕರಾರುವಾಕ್ಕಾಗಿ ಗುರಿಯಿಟ್ಟು ಕೆಲವೇ ಸಲಕ್ಕೆ ಭಾರಿ ಡೋಸ್ ಕೊಡುವ ವಿಧಾನ. ಇದರಲ್ಲಿ 4 ಸೆಂ.ಮೀ. ಒಳಗಿನ ಗೆಡ್ಡೆಗೆ ಒಂದೇ ಸಲಕ್ಕೆ 26 ಗ್ರೇ, ಅದಕ್ಕಿಂತ ದೊಡ್ಡದಕ್ಕೆ ಮೂರು ಸಲ ಸೇರಿ 42 ಗ್ರೇ ಕೊಡುತ್ತಾರೆ. ಈ ಪ್ರಮಾಣದಲ್ಲಿ ಕೊಟ್ಟ ಫಾಸ್ಟ್ರ್ಯಾಕ್–2 ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾ ಮತ್ತು ನೆದರ್ಲೆಂಡ್ಸ್‌ನ 70 ರೋಗಿಗಳಲ್ಲಿ ಒಂದು ವರ್ಷದ ಹೊತ್ತಿಗೆ ಯಾರಿಗೂ ಚಿಕಿತ್ಸೆ ಪಡೆದ ಗೆಡ್ಡೆ ಮತ್ತೆ ಬೆಳೆದಿರಲಿಲ್ಲ.

ಆದರೆ ಆ ರೋಗಿಗಳ ಮಧ್ಯಮ ವಯಸ್ಸು 77. ಎಲ್ಲರಿಗೂ ಇದ್ದದ್ದು ಒಂದೊಂದೇ ಗೆಡ್ಡೆ. ನಿಮ್ಮ ತಮ್ಮನ ಮುಂದೆ ಇನ್ನೂ ನಲವತ್ತು ವರ್ಷಗಳಿವೆ, ಮತ್ತು ವಿಎಚ್‌ಎಲ್‌ನಲ್ಲಿ ಉಳಿದ ಕಿಡ್ನಿಯ ಯಾವ ಭಾಗದಲ್ಲಾದರೂ ಹೊಸ ಗೆಡ್ಡೆ ಹುಟ್ಟಬಹುದು. ರೇಡಿಯೇಷನ್ ಗುರಿಯಿಟ್ಟ ಗೆಡ್ಡೆಯನ್ನಷ್ಟೇ ಕೊಲ್ಲುತ್ತದೆ. ಹಾಗಾಗಿ ಇಲ್ಲಿ ನೋಡಬೇಕಾದದ್ದು ಕ್ಯಾನ್ಸರ್ ಹರಡದಂತೆ ತಡೆಯುತ್ತಾ ಆ ಕಿಡ್ನಿಯನ್ನು ಎಷ್ಟು ಕಾಲ ಉಳಿಸಿಕೊಳ್ಳಬಹುದು ಎಂಬುದನ್ನು.

ವಿಎಚ್‌ಎಲ್‌ನಲ್ಲಿ ದೊಡ್ಡ ಗೆಡ್ಡೆ 3 ಸೆಂ.ಮೀ. ಮುಟ್ಟುವವರೆಗೆ ಕಾಯುವುದು ರೂಢಿ, ಏಕೆಂದರೆ ಅದಕ್ಕಿಂತ ಚಿಕ್ಕದು ಬೇರೆಡೆ ಹರಡುವುದು ತೀರಾ ಅಪರೂಪ. ಈಗ ಆ ಗೆರೆ ದಾಟಿದೆ. (ಈ ಲೆಕ್ಕ ಎಲ್ಲ ವಂಶವಾಹಿ ಕಿಡ್ನಿ ಕ್ಯಾನ್ಸರ್‌ಗೂ ಅಲ್ಲ. ಎಫ್‌ಎಚ್ ಜೀನ್ ದೋಷದಿಂದ ಬರುವ ಗೆಡ್ಡೆ ಚಿಕ್ಕದಿರುವಾಗಲೇ ಹರಡಬಲ್ಲದು, ಅಲ್ಲಿ ಕಾಯಬಾರದು.)

ನಮ್ಮ ಸಲಹೆ: ಮೊದಲು ಕಿಡ್ನಿ ಉಳಿಸುವ ಆಪರೇಷನ್‌ನಲ್ಲಿ ಪಳಗಿದ ಶಸ್ತ್ರಚಿಕಿತ್ಸಕರಿಗೆ ಸ್ಕ್ಯಾನ್ ತೋರಿಸಿ. ಆಪರೇಷನ್ ಎಂದರೆ ಕಿಡ್ನಿಯನ್ನೇ ತೆಗೆಯುವುದು ಎಂದಲ್ಲ. ಗೆಡ್ಡೆಗಳನ್ನಷ್ಟೇ ಬಿಡಿಸಿ ತೆಗೆಯಬಹುದು, ಮೂರನ್ನೂ ಒಂದೇ ಸಲಕ್ಕೆ. ಅದು ಸಾಧ್ಯವಿದ್ದರೆ ಈ ವಯಸ್ಸಿನಲ್ಲಿ ಅದೇ ಮೇಲು. ಎರಡನೆಯದು ಬೆಲ್ಜುಟಿಫಾನ್ ಮಾತ್ರೆ, ದಿನಕ್ಕೆ 120 ಮಿ.ಗ್ರಾಂ. ಎಲ್ಲ ಗೆಡ್ಡೆಗಳ ಮೇಲೂ ಒಟ್ಟಿಗೆ ಕೆಲಸ ಮಾಡುತ್ತದೆ, ಆದರೆ ರಕ್ತಹೀನತೆ ತರುತ್ತದೆ, ರಕ್ತದ ಆಮ್ಲಜನಕ ಇಳಿಸಬಹುದು. ವೆಚ್ಚವೂ ಭಾರಿ. ಗೆಡ್ಡೆ ಕಿಡ್ನಿಯ ನಡುಭಾಗದಲ್ಲಿ ರಕ್ತನಾಳಗಳ ಪಕ್ಕ ಹುದುಗಿದ್ದರೆ, ಅಥವಾ ಹಳೆಯ ಆಪರೇಷನ್‌ಗಳಿಂದ ಅಂಗಾಂಶ ಅಂಟಿಕೊಂಡಿದ್ದರೆ ಎಸ್‌ಬಿಆರ್‌ಟಿಯ ಸರದಿ. ಮುಂದೆ ಅದೇ ಜಾಗಕ್ಕೆ ಕತ್ತರಿ ಹಾಕುವುದು ಕಷ್ಟವಾಗಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾವ ದಾರಿ ಹಿಡಿದರೂ ಮೊದಲು ರಕ್ತದಲ್ಲಿ ಮೆಟಾನೆಫ್ರಿನ್ (ಅಡ್ರಿನಲ್ ಹಾರ್ಮೋನ್‌ನಿಂದ ಉಂಟಾಗುವ ಅಂಶ) ಪರೀಕ್ಷೆ ಆಗಲೇಬೇಕು. ವಿಎಚ್‌ಎಲ್ ಇದ್ದವರಲ್ಲಿ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೋಸೈಟೋಮಾ ಎಂಬ ಗೆಡ್ಡೆ ಅಡಗಿದ್ದರೆ, ಅರಿವಳಿಕೆ ಕೊಟ್ಟಾಗ ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು.

ರೇಡಿಯೇಷನ್ ಎಂದೇ ತೀರ್ಮಾನವಾದರೆ ಯೋಜನೆಯಲ್ಲೇ ಅರ್ಧ ಯಶಸ್ಸು. ಉಸಿರಾಡಿದಂತೆ ಕಿಡ್ನಿ ಸೆಂಟಿಮೀಟರ್ ಲೆಕ್ಕದಲ್ಲಿ ಮೇಲೆ ಕೆಳಗೆ ಸರಿಯುತ್ತದೆ. ಅದನ್ನು 4ಡಿ ಸಿಟಿಯಲ್ಲಿ ಅಳೆದು, ಎಂಆರ್‌ಐ ಜೊತೆ ಹೊಂದಿಸಿ, ಗೆಡ್ಡೆ ಓಡಾಡುವ ಇಡೀ ಜಾಗವನ್ನು ಗುರುತಿಸಬೇಕು. ಪ್ರತಿ ಸಲ ಕಿರಣ ಬಿಡುವ ಮೊದಲು ಮೇಜಿನ ಮೇಲೇ ಸ್ಕ್ಯಾನ್ ಮಾಡಿ ಜಾಗ ಸರಿಯಿದೆಯೇ ನೋಡಬೇಕು. ಕರುಳು ಗೆಡ್ಡೆಗೆ ತಾಗಿಕೊಂಡಿದ್ದರೆ ಹುಣ್ಣು, ತೂತು ಆಗುವ ಅಪಾಯವಿದೆ. ಅದಕ್ಕೆ ಹೆದರಿ ಆ ಬದಿಯ ಡೋಸ್ ಇಳಿಸಿದರೆ ಗೆಡ್ಡೆ ಮರುಕಳಿಸುವುದು ಅಲ್ಲಿಂದಲೇ. ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ಕರುಳು ಎಷ್ಟು ದೂರದಲ್ಲಿದೆ? ಗೆಡ್ಡೆಯಿಲ್ಲದ ಕಿಡ್ನಿ ಭಾಗಕ್ಕೆ ಎಷ್ಟು ಗ್ರೇ ಬೀಳುತ್ತದೆ?

ಎರಡನೆಯ ಪ್ರಶ್ನೆ ನಿಮ್ಮ ಭಯಕ್ಕೆ ನೇರ ಸಂಬಂಧಪಟ್ಟದ್ದು. ಕ್ರಿಯೇಟಿನಿನ್ 1.6 ಎಂದರೆ ಈ ವಯಸ್ಸಿನ ಗಂಡಸರಲ್ಲಿ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಸುಮಾರು 57. ಮೇಲಿನ ಅಧ್ಯಯನದಲ್ಲಿ ಎರಡು ವರ್ಷಕ್ಕೆ ಅದು ಸರಾಸರಿ 14.6ರಷ್ಟು ಇಳಿದಿತ್ತು. ಡಯಾಲಿಸಿಸ್‌ಗೆ ಇನ್ನೂ ದೂರವೇ, ಆದರೆ ಒಂಟಿ ಕಿಡ್ನಿಯಲ್ಲಿ ಮತ್ತೊಂದು ಗೆಡ್ಡೆಗೂ ಚಿಕಿತ್ಸೆ ಬೇಕಾದರೆ ಈ ಇಳಿಕೆ ಸಣ್ಣದಲ್ಲ. ಇವತ್ತಿನಿಂದಲೇ ಡೈಕ್ಲೋಫಿನ್ಯಾಕ್‌ನಂಥ ನೋವಿನ ಮಾತ್ರೆ ನಿಲ್ಲಿಸಿ, ಬಿಪಿ ಹತೋಟಿಯಲ್ಲಿರಲಿ.

ಚಿಕಿತ್ಸೆಯ ನಂತರ ವಾಕರಿಕೆ, ಸುಸ್ತು, ಪಕ್ಕೆನೋವು ಸಾಮಾನ್ಯ. ಮೂರು ತಿಂಗಳ ಸ್ಕ್ಯಾನ್‌ನಲ್ಲಿ ಗೆಡ್ಡೆ ಇದ್ದಷ್ಟೇ ಇದ್ದರೆ ಗಾಬರಿ ಬೇಡ. ಅದು ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ, ಸ್ಕ್ಯಾನ್‌ಗೆ ಕೊಡುವ ಡೈ ಹೀರುವುದೂ ಬೇಗ ನಿಲ್ಲುವುದಿಲ್ಲ. ಒಂದಾದ ಮೇಲೊಂದು ಸ್ಕ್ಯಾನ್‌ನಲ್ಲಿ ಬೆಳೆಯುತ್ತಲೇ ಹೋದರೆ ಮಾತ್ರ ಚಿಂತಿಸಬೇಕು.

ಇನ್ನು ನಿಮ್ಮ ವಿಷಯ. ತಂದೆ ಅಥವಾ ತಾಯಿಯಿಂದ ಬಂದ ದೋಷವಾದರೆ ನಿಮಗೂ ಇರುವ ಸಾಧ್ಯತೆ ಶೇ 50. ತಮ್ಮನ ವರದಿಯಲ್ಲಿರುವ ಅದೇ ಜೀನ್ ರೂಪಾಂತರವನ್ನು ನಿಮ್ಮ ರಕ್ತದಲ್ಲಿ ಹುಡುಕಿದರೆ ಸಾಕು. ಇಲ್ಲವೆಂದಾದರೆ ನಿಮಗೂ ಮಕ್ಕಳಿಗೂ ಮುಂದಿನ ತಪಾಸಣೆ ಬೇಕಿಲ್ಲ. ಇದ್ದರೆ ಮಕ್ಕಳ ಪರೀಕ್ಷೆಯೂ ಆಗಬೇಕು. ಅವರಲ್ಲೂ ಕಂಡುಬಂದರೆ ಶೈಶವದಿಂದಲೇ ಪ್ರತಿ ವರ್ಷ ಕಣ್ಣಿನ ರೆಟಿನಾ, 5ನೇ ವಯಸ್ಸಿನಿಂದ ಮೆಟಾನೆಫ್ರಿನ್, 11ರಿಂದ ಮಿದುಳು ಮತ್ತು ಬೆನ್ನುಹುರಿಯ ಎಂಆರ್‌ಐ, 15ರಿಂದ ಹೊಟ್ಟೆಯ ಎಂಆರ್‌ಐ. ಪರೀಕ್ಷೆಗೆ ಹೋಗುವಾಗ ತಮ್ಮನ ಜೀನ್ ವರದಿಯ ಪೂರ್ತಿ ಪ್ರತಿ ಜೊತೆಗಿರಲಿ.