‘ಅಪ್ಪ ಶುಗರ್ ಇಂಡಸ್ಟ್ರಿಯಲ್ಲಿದ್ದಾರೆ’ ಎಂದುಬಿಟ್ಟೆ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರವಳು. ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮೈಸೂರಿನಲ್ಲಿ ಪಿಯುಸಿ ಮುಗಿಸಿ, ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಬರೆದು, ಈಗ ಹೊರರಾಜ್ಯದ ಒಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷದಲ್ಲಿದ್ದೇನೆ. ನಮಗೆ ಎರಡೂವರೆ ಎಕರೆ ಗದ್ದೆಯಿದೆ. ಅಪ್ಪ ಕಬ್ಬು ಬೆಳೆಯುತ್ತಾರೆ, ಅಮ್ಮ ಡೇರಿಗೆ ಹಾಲು ಹಾಕುತ್ತಾರೆ. ಸಹಪಾಠಿಗಳಲ್ಲಿ ಹೆಚ್ಚಿನವರು ವಕೀಲರ, ಅಧಿಕಾರಿಗಳ, ಉದ್ಯಮಿಗಳ ಮಕ್ಕಳು. ಅವರೇನೂ ಕೆಟ್ಟವರಲ್ಲ. ಆದರೆ ಮೊನ್ನೆ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆಂದು ಹೋಟೆಲಿಗೆ ಹೋದಾಗ ನಾನು ಒಂದು ಸೂಪು, ಒಂದು ನಿಂಬೆ ಸೋಡಾ ಮಾತ್ರ ತೆಗೆದುಕೊಂಡಿದ್ದರೂ ಬಿಲ್ಲನ್ನು ಎಲ್ಲರಿಗೂ ಸಮನಾಗಿ ಹಂಚಿದರು. ನನ್ನ ಪಾಲಿಗೆ ಬಂದದ್ದು 1,150 ರೂಪಾಯಿ. ಅದು ಅಮ್ಮನ ಹಾಲಿನ ಬಟವಾಡೆಯ ಹಣ. ಮೊದಲ ವರ್ಷ ಯಾರೋ ತಂದೆಯ ಕೆಲಸ ಕೇಳಿದಾಗ ‘ಶುಗರ್ ಇಂಡಸ್ಟ್ರಿಯಲ್ಲಿದ್ದಾರೆ’ ಎಂದುಬಿಟ್ಟಿದ್ದೆ. ಈಗ ಮೂವರು ಗೆಳತಿಯರು ಈ ಸಲದ ದಸರಾಕ್ಕೆ ಬಂದು ಎರಡು ದಿನ ನಮ್ಮ ಮನೆಯಲ್ಲೇ ಉಳಿಯುತ್ತೇವೆ ಎನ್ನುತ್ತಿದ್ದಾರೆ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬಾಯಿಬಿಡಲು ಹೆದರಿಕೆ. ಊರಿಗೆ ಹೋದರೆ ದೊಡ್ಡಪ್ಪನ ಮಗಳು ‘ನಮ್ ಕೂಟೆ ಮಾತಾಡಕ್ಕೆ ನಿಂಗೆಲ್ಲಿ ಪುರುಸೊತ್ತು ಬುಡವ್ವ’ ಎನ್ನುತ್ತಾಳೆ. ನಾನು ಆ ಜಾಗಕ್ಕೆ ತಕ್ಕವಳೇ ಅಲ್ಲವೇನೋ ಎನ್ನಿಸುತ್ತಿದೆ. ಗೆಳತಿಯರಿಗೆ ಏನು ಹೇಳಲಿ?
– ಹೆಸರು ಬೇಡ, ಮಳವಳ್ಳಿ ತಾಲ್ಲೂಕು

ಉತ್ತರ: ದಸರಾ ಹತ್ತಿರವಾಗುತ್ತಿರುವುದರಿಂದ ಮೊದಲು ಅದನ್ನೇ ತೆಗೆದುಕೊಳ್ಳೋಣ. ಕಬ್ಬು ಬೆಳೆಯುವವರಿಲ್ಲದೆ ಸಕ್ಕರೆ ಉದ್ಯಮವಿಲ್ಲವಾದ್ದರಿಂದ ನೀವು ಹೇಳಿದ್ದು ಅಪ್ಪಟ ಸುಳ್ಳಲ್ಲ. ಕೇಳಿದವರು ಕಾರ್ಖಾನೆಯೆಂದು ತಿಳಿದುಕೊಳ್ಳಲಿ ಎಂಬ ಆಸೆಯಿಂದ ಹೇಳಿದ್ದರಿಂದ ಪೂರ್ತಿ ನಿಜವೂ ಅಲ್ಲ. ಅದನ್ನು ಸರಿಪಡಿಸಲು ಮೂವರನ್ನೂ ಕೂರಿಸಿಕೊಂಡು ತಪ್ಪೊಪ್ಪಿಗೆಯ ಸಭೆ ನಡೆಸಬೇಕಾಗಿಲ್ಲ. ಹಾಗೆ ಮಾಡಿದರೆ ರೈತನ ಮಗಳಾಗಿರುವುದೇ ಒಂದು ಅಪರಾಧವೆಂಬಂತೆ ಕೇಳಿಸುತ್ತದೆ. ಮೂವರಲ್ಲಿ ನಿಮಗೆ ಹೆಚ್ಚು ಹತ್ತಿರವಾದವಳಿಗೆ, ಬಟ್ಟೆ ಮಡಚುತ್ತಲೋ ಮೆಸ್ಸಿಗೆ ನಡೆಯುತ್ತಲೋ, ‘ನಮ್ಮಪ್ಪ ಕಬ್ಬು ಬೆಳೆಯುತ್ತಾರೆ, ಎರಡೂವರೆ ಎಕರೆ ಇದೆ, ಮೊದಲ ವರ್ಷ ಹೇಳಲು ಸಂಕೋಚವಾಗಿತ್ತು’ ಎಂದು ಹೇಳಿ, ಮಾತನ್ನು ಅಲ್ಲಿಂದ ಬಸ್ಸಿನ ವಿಚಾರಕ್ಕೆ ತಿರುಗಿಸಿ. ಉಳಿದಿಬ್ಬರಿಗೆ ಆಕೆಯೇ ಹೇಳುತ್ತಾಳೆ. ಹಾಸ್ಟೆಲಿನಲ್ಲಿ ಸುದ್ದಿ ಹರಡುವ ವೇಗವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಅದಕ್ಕೂ ಮೊದಲು ಕೇಳಬೇಕಾದವರು ನಿಮ್ಮ ತಾಯಿ. ಆಯುಧಪೂಜೆಯ ಹೊತ್ತಿಗೆ ಮನೆ ತೊಳೆಯುವುದು, ಗಾಡಿ ಟ್ರ್ಯಾಕ್ಟರು ತೊಳೆಯುವುದು, ಬಂದುಹೋಗುವ ನೆಂಟರು, ಇವುಗಳ ನಡುವೆ ಮೂವರು ಅಪರಿಚಿತ ಹುಡುಗಿಯರಿಗೆ ಮಲಗಲು ಜಾಗ, ಬಚ್ಚಲು, ಬಿಸಿನೀರು ಒದಗಿಸುವ ಕೆಲಸ ಕೊನೆಗೆ ಬೀಳುವುದು ಅವರ ತಲೆಯ ಮೇಲೆ. ಅವರು ಬೇಡವೆಂದರೆ ಗೆಳತಿಯರು ಮೈಸೂರಿನಲ್ಲಿ ಕೊಠಡಿ ಮಾಡಿಕೊಂಡು ಒಂದು ಮಧ್ಯಾಹ್ನ ಊಟಕ್ಕೆ ನಿಮ್ಮೂರಿಗೆ ಬಂದು ಹೋಗಲಿ. ದಸರಾ ಸಮಯದಲ್ಲಿ ಮೈಸೂರಿನ ವಸತಿಗೃಹಗಳ ಬಾಡಿಗೆ ಏರುವುದರಿಂದ ಈಗಲೇ ಕಾಯ್ದಿರಿಸಲು ಹೇಳಿ. ಅವರು ಬಂದ ದಿನ ಅಪ್ಪನನ್ನು ‘ಒಳ್ಳೆಯ ಪ್ಯಾಂಟು ಹಾಕಿಕೊಳ್ಳಿ’ ಎಂದು ಪೀಡಿಸಬೇಡಿ. ಅವರು ದಿನವೂ ಹೇಗಿರುತ್ತಾರೋ ಹಾಗೆಯೇ ಇರಲಿ.

ಇನ್ನು ‘ತಕ್ಕವಳಲ್ಲ’ ಎಂಬ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬಿಬ್ಬರು 1978ರಲ್ಲಿ, ಓದಿನಲ್ಲೂ ವೃತ್ತಿಯಲ್ಲೂ ಮುಂದಿದ್ದ ಮಹಿಳೆಯರು ತಮ್ಮ ಯಶಸ್ಸನ್ನು ಅದೃಷ್ಟವೆಂದೋ ಇತರರ ಕಣ್ತಪ್ಪೆಂದೋ ಭಾವಿಸಿ, ಎಂದಾದರೊಂದು ದಿನ ತಮ್ಮ ಬಂಡವಾಳ ಬಯಲಾಗುತ್ತದೆಂದು ಹೆದರುವುದನ್ನು ಗುರುತಿಸಿ ಬರೆದರು. ಇಂದು ‘ಇಂಪೋಸ್ಟರ್ ಸಿಂಡ್ರೋಮ್’ ಎಂದು ಎಲ್ಲರ ಬಾಯಲ್ಲಿರುವುದು ಅದೇ. ನನಗೆ ಈ ಹೆಸರಿನ ಬಗ್ಗೆ ಒಂದು ತಕರಾರಿದೆ: ಅದು ತೊಂದರೆಯನ್ನು ವಿದ್ಯಾರ್ಥಿಯ ಮನಸ್ಸಿನೊಳಗೆ ಇರಿಸಿ, ಆಕೆ ಕುಳಿತಿರುವ ತರಗತಿಯನ್ನು ವಿಚಾರಿಸದೆ ಬಿಟ್ಟುಬಿಡುತ್ತದೆ. ಫ್ರಾನ್ಸಿನ ಹಳ್ಳಿಯೊಂದರಲ್ಲಿ ಅಂಚೆ ನೌಕರನ ಮಗನಾಗಿ ಹುಟ್ಟಿ, ಪ್ಯಾರಿಸ್ಸಿನ ಅತಿ ಪ್ರತಿಷ್ಠಿತ ವಿದ್ಯಾಸಂಸ್ಥೆಯಲ್ಲಿ ಓದಿದ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡಿಯೂ ಈ ವಿಷಯದಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಮನೆಯಿಂದ ಮಕ್ಕಳಿಗೆ ಹೊಲ, ಮನೆ, ಹಣ ಬರುವಂತೆಯೇ ಮಾತಿನ ಶೈಲಿ, ಪುಸ್ತಕಗಳ ಪರಿಚಯ, ದೊಡ್ಡವರೆದುರು ಸಲೀಸಾಗಿ ಕೂರುವ ರೀತಿ ಕೂಡ ಪಿತ್ರಾರ್ಜಿತವಾಗಿ ಬರುತ್ತವೆಂದೂ, ವಿಶ್ವವಿದ್ಯಾಲಯಗಳು ಈ ಆಸ್ತಿಯನ್ನೇ ಪ್ರತಿಭೆಯೆಂದು ತಿಳಿದು ಅಂಕ ಕೊಡುತ್ತವೆಂದೂ ಅವರು ವಾದಿಸಿದರು. ಊಟದ ಮೇಜಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪುಗಳ ಮಾತು ಕೇಳಿಕೊಂಡು ಬೆಳೆದ ವಕೀಲರ ಮಗನಿಗೆ ಮೊದಲ ವಾರವೇ ಕೈಯೆತ್ತುವುದು ಕಷ್ಟವಲ್ಲ. ನಿಮಗೆ ಇಲ್ಲದಿರುವುದು ಆ ಅಭ್ಯಾಸ ಮಾತ್ರ. ಕ್ಲಾಟ್ ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲೇ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರು ಅದನ್ನು ದಾಟಿ ಒಳಗೆ ಬಂದಿದ್ದೀರಿ ಎಂಬುದನ್ನು ನಿಮ್ಮ ಲೆಕ್ಕದಲ್ಲಿ ನೀವೇ ಬಿಟ್ಟಿದ್ದೀರಿ.

ಇಂಥ ಕಡೆಗಳಲ್ಲಿ ‘ನಿನ್ನ ರ‍್ಯಾಂಕ್ ಎಷ್ಟು?’ ಎಂದು ಕೇಳುವುದು ಅನೇಕ ಸಲ ಜಾತಿಯನ್ನೋ ಮೀಸಲಾತಿಯನ್ನೋ ಕೇಳುವ ಸಭ್ಯ ವಿಧಾನವಾಗಿರುತ್ತದೆ. ಹೇಳಲೇಬೇಕೆಂಬ ನಿಯಮವಿಲ್ಲ. ಮೀಸಲಾತಿಯ ಸೀಟು ಯಾರ ದಯೆಯೂ ಅಲ್ಲವೆಂಬುದನ್ನು ಮೈಸೂರು ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ, ಅದರ ಬಾಗಿಲು ಹಳ್ಳಿಯ ಮಕ್ಕಳಿಗೆ ಕಾಗದದ ಮೇಲೆ ತೆರೆದಿತ್ತು, ಊಟ ಮತ್ತು ವಸತಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು ಓದಿದವರಿದ್ದರು. ಆ ವಾರಾನ್ನವೂ ಸಿಗದ ಜಾತಿಗಳವರಿಗೆ ಅದೂ ಇರಲಿಲ್ಲ. 1918ರಲ್ಲಿ ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಗಿ, ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಮತ್ತು ಶಿಕ್ಷಣಕ್ಕೆ ನೆರವು ಕೊಡಬೇಕೆಂದು ಶಿಫಾರಸು ಮಾಡಿತು. ಮಠಗಳೂ ಸಮುದಾಯ ಸಂಘಗಳೂ ನಗರದಲ್ಲಿ ಹಾಸ್ಟೆಲುಗಳನ್ನು ಕಟ್ಟಿದವು. ಮೈಸೂರಿನ ಕಾಲೇಜುಗಳಲ್ಲಿ ಪಾಠ ಮಾಡಿದವಳಾಗಿ ನಾನು ಕಂಡದ್ದು ಇಷ್ಟು: ಊಟ, ವಸತಿ, ಪುಸ್ತಕಗಳ ಚಿಂತೆ ನೀಗಿದ ಹುಡುಗ ಎರಡನೆಯ ವರ್ಷದಲ್ಲಿ ಹಿಂದಿನ ಬೆಂಚಿನಿಂದ ಮುಂದಕ್ಕೆ ಬರುತ್ತಿದ್ದ, ನೀಗದವನು ಹಾಜರಾತಿ ಪುಸ್ತಕದಿಂದಲೇ ಕಾಣೆಯಾಗುತ್ತಿದ್ದ.

ಆದ್ದರಿಂದ ಹಣದ ಮಾತನ್ನು ಆಡಲು ಕಲಿಯಿರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಸೂಪು ಮತ್ತು ನಿಂಬೆ ಸೋಡಾ. ಬಿಲ್ಲು ಬಂದ ಮೇಲೆ ಬಾಯಿಬಿಡುವುದು ಯಾರಿಗಾದರೂ ಕಷ್ಟವೇ. ಹೊರಡುವ ಮೊದಲು ‘ನನ್ನ ಹತ್ತಿರ ಮುನ್ನೂರು ರೂಪಾಯಿ ಇದೆ, ನಾನು ತಿಂದದ್ದಕ್ಕೆ ಮಾತ್ರ ಕೊಡುತ್ತೇನೆ’ ಎನ್ನುವುದು ಅಷ್ಟು ಕಷ್ಟವಲ್ಲ. ಹಣವಿದ್ದವರು ಇಂಥದ್ದನ್ನು ಗಮನಿಸುವುದಿಲ್ಲ. ಗಮನಿಸುವ ಅಗತ್ಯ ಅವರಿಗೆ ಎಂದೂ ಬಿದ್ದಿರುವುದಿಲ್ಲವಾದ್ದರಿಂದ ಅದನ್ನು ದುಷ್ಟತನವೆಂದು ಭಾವಿಸಬೇಡಿ. ನೀವು ಒಮ್ಮೆ ಹೇಳಿದರೆ, ಇದುವರೆಗೆ ನಿಮ್ಮಂತೆಯೇ ಸೋಡಾ ಕುಡಿದು ಸುಮ್ಮನಿದ್ದ ಇನ್ನೊಬ್ಬರು ಆ ಗುಂಪಿನಲ್ಲೇ ಸಿಕ್ಕರೂ ಸಿಗಬಹುದು. ಸಾಲ ಮಾಡಿ ಸರಿಗಟ್ಟಲು ಮಾತ್ರ ಹೋಗಬೇಡಿ, ಅದರಲ್ಲೂ ಮೊಬೈಲಿನಲ್ಲಿ ನಿಮಿಷದಲ್ಲಿ ಸಾಲ ಕೊಡುವ ಆ್ಯಪುಗಳ ಹತ್ತಿರ ಸುಳಿಯಬೇಡಿ. ಶುಲ್ಕ ವಿನಾಯಿತಿ, ಪುಸ್ತಕ ನೆರವು, ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಸ್ಪರ್ಧೆಗಳ ಪ್ರಯಾಣ ವೆಚ್ಚ, ಇವುಗಳಿಗೆ ನಿಮ್ಮ ವಿಶ್ವವಿದ್ಯಾಲಯದಲ್ಲಿ ಏನಿದೆಯೆಂದು ಕಚೇರಿಗೆ ಹೋಗಿ ಲಿಖಿತವಾಗಿಯೇ ಕೇಳಿ. ಕಾನೂನು ಪ್ರಾಧ್ಯಾಪಕರಾಗಿದ್ದ ದಿವಂಗತ ಶಮ್ನಾದ್ ಬಶೀರ್ ಅವರು 2010ರಲ್ಲಿ ಆರಂಭಿಸಿದ ‘ಇಡಿಯಾ’ ಎಂಬ ಸಂಸ್ಥೆ, ಬಡ ಮತ್ತು ಅಂಚಿನ ಸಮುದಾಯಗಳ ಮಕ್ಕಳನ್ನು ಕ್ಲಾಟ್‌ಗೆ ಸಿದ್ಧಗೊಳಿಸಿ, ಕಾನೂನು ವಿಶ್ವವಿದ್ಯಾಲಯ ಸೇರಿದ ಮೇಲೂ ಜೊತೆಗೆ ನಿಲ್ಲುತ್ತದೆ. ನಿಮ್ಮ ಕ್ಯಾಂಪಸ್ಸಿನಲ್ಲಿ ಅದರ ವಿದ್ಯಾರ್ಥಿಗಳಿದ್ದರೆ ಹುಡುಕಿ ಮಾತನಾಡಿಸಿ.

ತರಗತಿಯಲ್ಲಿ ಮಾತನಾಡುವ ಭಯಕ್ಕೆ ನನ್ನ ಬಳಿ ಮಂತ್ರವಿಲ್ಲ. ಹೇಳಬೇಕೆಂದಿರುವುದರ ಮೊದಲ ವಾಕ್ಯವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಅದನ್ನೇ ಓದಿಬಿಡಿ, ಎರಡನೆಯದು ತಾನಾಗಿ ಬರುತ್ತದೆ. ಅಧ್ಯಾಪಕರ ಕೊಠಡಿಗೆ ಹೋಗಿ ಸಂದೇಹ ಕೇಳುವುದನ್ನು ನಮ್ಮ ಕಡೆಯ ಮಕ್ಕಳು ಮೇಷ್ಟರಿಗೆ ತೊಂದರೆ ಕೊಟ್ಟಂತೆ ಎಂದು ಭಾವಿಸುತ್ತಾರೆ. ಅನುಕೂಲಸ್ಥರ ಮಕ್ಕಳು ಅದನ್ನೇ ತಮ್ಮ ಹಕ್ಕೆಂದು ತಿಳಿದು ವಾರವಾರವೂ ಹೋಗುತ್ತಾರೆ, ಶಿಫಾರಸು ಪತ್ರಗಳೂ ಅವರಿಗೇ ಸಿಗುತ್ತವೆ. ನೀವೂ ಹೋಗಿ.

ನಿಮ್ಮ ಮನೆಯಿಂದಲೂ ಕಾನೂನಿನ ಆಸ್ತಿ ಸ್ವಲ್ಪ ಬಂದಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ರೈತ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡ 15ರಂತೆ ಬಡ್ಡಿ ಸೇರಿಸಬೇಕು. ಬಾಕಿ ಹಣಕ್ಕಾಗಿ ರೈತರು ಎಷ್ಟು ಸಲ ಅಲೆಯುತ್ತಾರೆ, ಬಡ್ಡಿಯ ಮಾತೆತ್ತಿದರೆ ಎದುರಿನವರ ಮುಖ ಹೇಗಾಗುತ್ತದೆ ಎಂಬುದು ನಿಮ್ಮ ಮನೆಯವರಿಗೆ ಗೊತ್ತಿರುತ್ತದೆ. ಪಹಣಿ, ಪೋಡಿ, ಖಾತೆ ಬದಲಾವಣೆ, ನಾಲೆಯ ನೀರಿನ ಸರದಿ ಇವೆಲ್ಲ ನಿಮ್ಮ ಸಹಪಾಠಿಗಳಿಗೆ ಪರೀಕ್ಷೆಗೆ ಬಾಯಿಪಾಠ ಮಾಡುವ ಪದಗಳು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟ ದಿನ ಮಂಡ್ಯದಲ್ಲಿ ಮನೆಮನೆಯವರೂ ಟಿವಿ ಮುಂದೆ ಕುಳಿತದ್ದು ನಿಮಗೆ ನೆನಪಿರಬಹುದು. ಅಂತರರಾಜ್ಯ ಜಲವಿವಾದದ ಪಾಠ ಬಂದಾಗ ಬಾಯಿಬಿಡಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ರಜೆಯ ಇಂಟರ್ನ್‌ಶಿಪ್‌ಗೆ ದೆಹಲಿಯಲ್ಲಿ ಸಂಬಳವಿಲ್ಲದೆ ದುಡಿದು ಬಾಡಿಗೆಯನ್ನೂ ಕಟ್ಟುವುದು ಆಗದಿದ್ದರೆ, ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯದವರು 1987ರ ಕಾಯ್ದೆಯಡಿ ಉಚಿತ ಕಾನೂನು ನೆರವಿಗೆ ಬರುವುದು ಅಲ್ಲಿಗೇ. ಕಕ್ಷಿದಾರರ ಮಾತು ನಿಮಗೆ ಅನುವಾದವಿಲ್ಲದೆ ಅರ್ಥವಾಗುತ್ತದೆ.

ದೊಡ್ಡಪ್ಪನ ಮಗಳು ಹೇಳಿದ್ದು ಮುನಿಸಿನ ಮಾತು, ತೀರ್ಪಲ್ಲ. ಊರಿಗೆ ಹೋದಾಗ ಕಾಲೇಜಿನ ಸುದ್ದಿ ಹೇಳುವ ಮೊದಲು ಆಕೆಯ ಸುದ್ದಿ ಕೇಳಿ. ದಸರಾಕ್ಕೆ ಗೆಳತಿಯರು ಬಂದರೆ ಅವರನ್ನು ಸುತ್ತಾಡಿಸಲು ಆಕೆಯನ್ನೂ ಜೊತೆಗೆ ಕರೆದುಕೊಳ್ಳಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ಚಿಕ್ಕದೊಂದು ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಒಬ್ಬನೇ ಮಗ ಹೆಸರಾಂತ ವಿಜ್ಞಾನ ಸಂಸ್ಥೆಯೊಂದರಲ್ಲಿ ಓದು ಮುಗಿಸಿದ್ದಾನೆ. ಘಟಿಕೋತ್ಸವಕ್ಕೆ ನಾವಿಬ್ಬರೂ ಬರೋಣವೇ ಎಂದು ಕೇಳಿದರೆ ‘ನೋಡೋಣ’ ಎಂದು ಮಾತು ತಪ್ಪಿಸುತ್ತಾನೆ. ನಮ್ಮನ್ನು ಕಂಡರೆ ಅವನಿಗೆ ನಾಚಿಕೆಯೇ? ಹೋಗದೆ ಇರುವುದೇ ಮರ್ಯಾದೆಯೇ?
– ಒಬ್ಬ ತಂದೆ, ಮೈಸೂರು

ಉತ್ತರ: ಹೋಗಿ. ಅವನಿಗೆ ನಾಚಿಕೆಯಾಗುತ್ತಿದೆಯೆಂದು ನೀವು ಊಹಿಸುತ್ತಿದ್ದೀರಿ. ಅಲ್ಲಿ ಯಾರಾದರೂ ನಿಮ್ಮೊಡನೆ ಇಂಗ್ಲಿಷಿನಲ್ಲಿ ಮಾತು ಆರಂಭಿಸಿ, ನೀವು ತಬ್ಬಿಬ್ಬಾಗಿ ನಿಲ್ಲುವುದನ್ನು ನೋಡಲಾರೆನೆಂದು ಅವನು ಹೆದರುತ್ತಿರಲೂಬಹುದು. ಇವೆರಡೂ ಹೊರಗಿನಿಂದ ನೋಡುವವರಿಗೆ ಒಂದೇ ರೀತಿ ಕಾಣುತ್ತವೆ. ಸ್ವಲ್ಪ ನಾಚಿಕೆಯೂ ಇದ್ದರೆ ಅದು ಅವನು ದಾಟಬೇಕಾದದ್ದು, ನೀವು ಮನೆಯಲ್ಲಿ ಕುಳಿತು ಅದನ್ನು ಸುಲಭ ಮಾಡಿಕೊಡಬೇಕಾಗಿಲ್ಲ.

‘ಬರೋಣವೇ’ ಎಂದು ಕೇಳುವುದನ್ನು ಬಿಟ್ಟು ‘ನಾವು ಬರುತ್ತೇವೆ, ಏನೇನು ಬೇಕು ಹೇಳು’ ಎಂದು ಕೇಳಿ. ಇಂಥ ಸಮಾರಂಭಗಳಿಗೆ ಪಾಲಕರ ಹೆಸರನ್ನು ಮೊದಲೇ ನೋಂದಾಯಿಸಿ ಪಾಸು ಪಡೆಯಬೇಕಾಗಿರುತ್ತದೆ, ಗುರುತಿನ ಚೀಟಿಯನ್ನೂ ಕೇಳುತ್ತಾರೆ. ಕೊನೆಯ ದಿನಾಂಕ ದಾಟಿದರೆ ಮಗನ ‘ನೋಡೋಣ’ ತಾನಾಗಿ ‘ಇಲ್ಲ’ ಆಗುತ್ತದೆ. ಅವನ ಮಾರ್ಗದರ್ಶಕರನ್ನು ನಿಮಗೆ ಪರಿಚಯಿಸಬೇಕೆಂದು ಈಗಲೇ ಹೇಳಿಡಿ. ಅವರೊಡನೆ ಕನ್ನಡದಲ್ಲೇ ಮಾತನಾಡಿ, ಅವರಿಗೆ ಬಾರದಿದ್ದರೆ ಮಗ ನಡುವೆ ನಿಂತು ಹೇಳಲಿ. ಬಟ್ಟೆಯ ವಿಷಯದಲ್ಲಿ ನಿಮಗೆ ಸಲಹೆ ಕೊಡುವಷ್ಟು ನಾನು ಬಲ್ಲವಳಲ್ಲ, ಆದರೆ ಬಾಡಿಗೆಯ ಸೂಟು ಮಾತ್ರ ಬೇಡ. ನಿಮಗೂ ನಿಮ್ಮ ಮಗನಿಗೂ ಒಂದೊಂದು ಅಂಗಿ ನೀವೇ ಹೊಲಿಯಿರಿ, ಅವನ ಅಳತೆಯನ್ನು ಈ ವಾರವೇ ಫೋನಿನಲ್ಲಿ ಕೇಳಿಕೊಳ್ಳಿ.