ಬಾಯಿ ಒಣಗಿದಾಗ ಹಲ್ಲು ಹುಳುಕಾಗುವುದೇಕೆ?

ಪ್ರಶ್ನೆ: ನನಗೆ 52 ವರ್ಷ. ಶೋಗ್ರೆನ್ ಕಾಯಿಲೆಯಿದೆ. ತಪ್ಪದೆ ಎರಡು ಹೊತ್ತು ಹಲ್ಲುಜ್ಜಿದರೂ ಒಸಡಿನ ಅಂಚಿನಲ್ಲಿ ಒಂದಾದ ಮೇಲೊಂದು ಹಲ್ಲು ಹುಳುಕಾಗುತ್ತಿದೆ. ನೀರಿಲ್ಲದೆ ಚಪಾತಿ ಗಂಟಲಿಗಿಳಿಯದು. ಬಾಯಿ ಒಣಗದಿರಲೆಂದು ದಿನವಿಡೀ ಲಿಂಬೆ ಪೆಪ್ಪರಮಿಂಟು ಚೀಪುತ್ತೇನೆ. ತಪ್ಪು ನನ್ನದೇ?

ಉತ್ತರ: ದಯವಿಟ್ಟು ನಿಮ್ಮನ್ನು ದೂಷಿಸಿಕೊಳ್ಳಬೇಡಿ. ದೇಹದ ರೋಗನಿರೋಧಕ ವ್ಯವಸ್ಥೆಯೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ದಾಳಿ ಮಾಡುವ ಈ ಕಾಯಿಲೆಯನ್ನು 1933ರಲ್ಲಿ ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ ವಿವರವಾಗಿ ದಾಖಲಿಸಿದರು. ಜೊಲ್ಲು ಬರಿಯ ನೀರಲ್ಲ. ಉಂಡ ಮೇಲೆ ಬ್ಯಾಕ್ಟೀರಿಯಾಗಳು ಹುಟ್ಟಿಸುವ ಆಮ್ಲವನ್ನು ತಗ್ಗಿಸಿ, ಹಲ್ಲು ಕಳೆದುಕೊಂಡ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಮರಳಿ ತುಂಬುವುದೂ ಅದೇ. ಅದು ಬತ್ತಿದಾಗ, ಎನಾಮಲ್ ಎಂಬ ಗಟ್ಟಿ ಹೊದಿಕೆಯಿಲ್ಲದ ಬೇರಿನ ಭಾಗ, ಅಂದರೆ ನೀವು ಹೇಳಿದ ಒಸಡಿನಂಚು, ಬೇಗ ಹುಳುಕಾಗುತ್ತದೆ.

ಪೆಪ್ಪರಮಿಂಟನ್ನು ಮಾತ್ರ ಇಂದೇ ಬಿಡಿ. ಅದರ ಸಕ್ಕರೆ, ಹುಳಿ ಎರಡೂ ಹಲ್ಲಿಗೆ ಶತ್ರುಗಳು. ಬದಲಿಗೆ ಸಕ್ಕರೆಯಿಲ್ಲದ, ಹಲ್ಲು ಹುಳುಕಾಗಿಸದ ಜೈಲಿಟಾಲ್ ಎಂಬ ಸಿಹಿಕಾರಕ ಇರುವ ಚ್ಯೂಯಿಂಗ್ ಗಮ್ ಅಗಿಯಿರಿ. ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಸಾಮಾನ್ಯ ಪೇಸ್ಟಿನಲ್ಲಿ ಹುಳುಕು ತಡೆಯುವ ಫ್ಲೋರೈಡ್ 1000ದಿಂದ 1500 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಇರುತ್ತದೆ. ನಿಮ್ಮಂಥವರಿಗೆ ದಂತವೈದ್ಯರು 5000 ಪಿಪಿಎಂ ಪೇಸ್ಟನ್ನೂ ಹಲ್ಲಿಗೆ ಬಳಿಯುವ ಫ್ಲೋರೈಡ್ ವಾರ್ನಿಷನ್ನೂ ಸೂಚಿಸಬಹುದು. ಅವರನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಕಾಣಿರಿ. ನಾಲಿಗೆ ಉರಿದು ಬಾಯಿಯ ಮೂಲೆಗಳು ಬಿರಿದರೆ ಅದು ಕ್ಯಾಂಡಿಡಾ ಶಿಲೀಂಧ್ರದ ಸೋಂಕಿರಬಹುದು, ಔಷಧವಿದೆ. ಜೊಲ್ಲು ಹೆಚ್ಚಿಸುವ ಪೈಲೋಕಾರ್ಪಿನ್ ಮಾತ್ರೆ ಕೆಲವರಿಗೆ ನೆರವಾಗುತ್ತದೆ, ಆದರೆ ಆಸ್ತಮಾ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಕಿವಿಯ ಕೆಳಗಿನ ಗ್ರಂಥಿ ಊದಿ ಇಳಿಯದೇ ಉಳಿದರೆ ತಡಮಾಡಬೇಡಿ. ಈ ಕಾಯಿಲೆಯಲ್ಲಿ ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿನ ಸಾಧ್ಯತೆ ಹೆಚ್ಚಿರುವುದರಿಂದ ಊದಿದ ಗ್ರಂಥಿಯನ್ನು ರುಮಟಾಲಜಿ (ಕೀಲು ಮತ್ತು ಇಂಥ ರೋಗನಿರೋಧಕ ಕಾಯಿಲೆಗಳ) ತಜ್ಞರೇ ಪರೀಕ್ಷಿಸಬೇಕು.