ಕೋನ್‌ಗಳ ನಡುವೆ ಚುರುಕು, ಕಬಡ್ಡಿ ಅಂಕಣದಲ್ಲಿ ಏಕಿಲ್ಲ?

ಪ್ರಶ್ನೆ: ನಾನು ಕಾರ್ಕಳ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಬಾಲಕಿಯರ ಕಬಡ್ಡಿ ತಂಡಕ್ಕೆ ವಾರದಲ್ಲಿ ಐದು ದಿನ ಲ್ಯಾಡರ್ (ನೆಲದ ಮೇಲೆ ಹಾಸಿದ ಏಣಿಯಂಥ ಪಟ್ಟಿಯ ಮನೆಗಳಲ್ಲಿ ಹೆಜ್ಜೆಯಿಡುವುದು) ಮತ್ತು ಕೋನ್ ಅಭ್ಯಾಸ ಮಾಡಿಸುತ್ತೇನೆ. ಕೋನ್‌ಗಳನ್ನು ಸುತ್ತಿ ಓಡಿಸಿ ಚುರುಕುತನ ಅಳೆಯುವ ಇಲಿನಾಯ್ ಪರೀಕ್ಷೆಯಲ್ಲಿ ಎಲ್ಲರ ಸಮಯವೂ ಸುಧಾರಿಸಿದೆ. ಆದರೂ ಪಂದ್ಯದಲ್ಲಿ ರೈಡ್‌ಗೆ ಹೋದವರು ಹಿಂದಿರುಗಲು ತಿರುಗುವಾಗಲೇ ಸಿಕ್ಕಿಬೀಳುತ್ತಾರೆ. ಒಬ್ಬಳ ಮೊಣಕಾಲು ಹಾಗೆ ತಿರುಗುವಾಗ ಉಳುಕಿದೆ. ಅಭ್ಯಾಸವನ್ನು ಇನ್ನಷ್ಟು ಹೆಚ್ಚಿಸಬೇಕೇ?

ಉತ್ತರ: ಹೆಚ್ಚಿಸುವುದು ಬೇಡ. ನೀವು ವಿವರಿಸಿದ ಅಭ್ಯಾಸದಲ್ಲಿ ಎರಡು ಕೊರತೆಗಳಿವೆ. ಓಟಕ್ಕೆ ತಡೆ ಹಾಕುವ ಬಲವನ್ನು ಅದು ಬೆಳೆಸುತ್ತಿಲ್ಲ, ಎದುರಾಳಿಯನ್ನು ನೋಡಿ ನಿರ್ಧರಿಸುವ ಅವಕಾಶವನ್ನೂ ಕೊಡುತ್ತಿಲ್ಲ.

ಇಲಿನಾಯ್ ಪರೀಕ್ಷೆಯ ದಾರಿ ಓಡುವವರಿಗೆ ಮೊದಲೇ ಗೊತ್ತಿರುತ್ತದೆ. 10 ಮೀಟರ್ ಉದ್ದ, 5 ಮೀಟರ್ ಅಗಲದ ಆ ಅಂಕಣದಲ್ಲಿ ನೇರ ಓಟದ ಪಾಲು ಗಣನೀಯವಾಗಿರುವುದರಿಂದ ನೇರ ಓಟ ಸುಧಾರಿಸಿದರೂ, ದಾರಿ ಕಾಲಿಗೆ ರೂಢಿಯಾದರೂ ಸಮಯ ಇಳಿಯುತ್ತದೆ. ಕ್ರೀಡಾ ವಿಜ್ಞಾನಿಗಳಾದ ಜೆರೆಮಿ ಶೆಪರ್ಡ್ ಮತ್ತು ವಾರೆನ್ ಯಂಗ್ 2006ರಲ್ಲಿ ಚುರುಕುತನವನ್ನು ವಿವರಿಸುವಾಗ, ಹೊರಗಿನಿಂದ ಬಂದ ಯಾವುದಾದರೂ ಪ್ರಚೋದನೆಗೆ ಪ್ರತಿಕ್ರಿಯೆಯಾಗಿ ಇಡೀ ದೇಹ ಥಟ್ಟನೆ ವೇಗವನ್ನೋ ದಿಕ್ಕನ್ನೋ ಬದಲಿಸುವುದು ಎಂದರು. ಆ ಅರ್ಥದಲ್ಲಿ ಕೋನ್ ಸುತ್ತುವುದು ದಿಕ್ಕು ಬದಲಾವಣೆಯ ಅಭ್ಯಾಸ ಮಾತ್ರ. ಲ್ಯಾಡರ್ ಅಷ್ಟೂ ಅಲ್ಲ, ಏಕೆಂದರೆ ಅಲ್ಲಿ ಪಾದಗಳು ದೇಹದ ಕೆಳಗೇ ಪುಟ್ಟ ಹೆಜ್ಜೆಗಳನ್ನಿಡುತ್ತವೆ, ಕಣ್ಣು ನೆಲ ನೋಡುತ್ತದೆ, ಮೈಯ ಭಾರವನ್ನು ತಡೆದು ನಿಲ್ಲಿಸುವ ಪ್ರಸಂಗವೇ ಬರುವುದಿಲ್ಲ. ಮೈ ಬೆಚ್ಚಗಾಗಲು ಐದು ನಿಮಿಷ ಮಾಡಿಸಿ, ಸಾಕು. (ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಲ್ಯಾಡರ್ ಇಷ್ಟು ಜನಪ್ರಿಯವಾಗಿದೆ ಎಂಬುದು ನನ್ನ ಗುಮಾನಿ.)

ಬಾಲಕಿಯರ ಅಂಕಣದಲ್ಲಿ ರೈಡರ್ ಎದುರಾಳಿಗಳ ಕಡೆಗೆ ನುಗ್ಗಿ, ಮುಟ್ಟಿದ ಕೂಡಲೇ ಬಂದ ದಿಕ್ಕಿಗೇ ತಿರುಗಬೇಕು. ಇಂಥ 180 ಡಿಗ್ರಿಯ ತಿರುವಿನಲ್ಲಿ ವೇಗ ಒಮ್ಮೆ ಸೊನ್ನೆಗೆ ಇಳಿಯಲೇಬೇಕು. ಆಗುಂಬೆ ಘಾಟಿಯಲ್ಲಿ ಬಸ್ಸಿನ ಚಾಲಕ ತಿರುವಿನೊಳಗೆ ಹೊಕ್ಕ ಮೇಲೆ ಬ್ರೇಕ್ ಒತ್ತುವುದಿಲ್ಲವಷ್ಟೆ, ಇಲ್ಲಿಯೂ ವೇಗ ಇಳಿಯಬೇಕಾದದ್ದು ತಿರುಗುವ ಹೆಜ್ಜೆಗಿಂತ ಹಿಂದಿನ ಒಂದೆರಡು ಹೆಜ್ಜೆಗಳಲ್ಲಿ, ಮೊಣಕಾಲು ಮತ್ತು ಸೊಂಟವನ್ನು ಬಗ್ಗಿಸಿ ಮೈಯನ್ನು ತಗ್ಗಿಸುತ್ತ. ಹಾಗಾಗದೆ ಎಲ್ಲ ಭಾರವನ್ನೂ ಕೊನೆಯ ಹೆಜ್ಜೆಯೊಂದೇ ಹೊತ್ತಾಗ ಎರಡು ತೊಂದರೆಗಳಿವೆ: ಹಿಂದಕ್ಕೆ ಚಿಮ್ಮಲು ತಡವಾಗುವುದರಿಂದ ಕಾರ್ನರ್ ಆಟಗಾರ್ತಿಗೆ ಕಣಕಾಲು ಸಿಗುತ್ತದೆ, ನೇರವಾಗಿ ಊರಿದ ಮೊಣಕಾಲು ಒಳಕ್ಕೆ ವಾಲಿದರೆ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹೆಚ್ಚುತ್ತದೆ. ಹರೆಯಕ್ಕೆ ಬಂದ ಹುಡುಗಿಯರಲ್ಲಿ ಈ ಗಾಯ ಅದೇ ಆಟವಾಡುವ ಹುಡುಗರಿಗಿಂತ ಹೆಚ್ಚು ಎಂಬುದು ಬಹುಕಾಲದಿಂದ ತಿಳಿದಿರುವ ಸಂಗತಿ. ಉಳುಕಿದೆ ಎಂದಿರುವ ಆ ವಿದ್ಯಾರ್ಥಿನಿಗೆ ಆಗ ಒಳಗೆ ಟಕ್ಕೆಂದ ಸದ್ದಾಗಿದ್ದರೆ, ಕೆಲವೇ ಗಂಟೆಗಳಲ್ಲಿ ಊತ ಬಂದಿದ್ದರೆ, ಅಥವಾ ನಡೆಯುವಾಗ ಕಾಲು ಜಾರಿದಂತಾಗುತ್ತಿದ್ದರೆ, ಎಣ್ಣೆ ತಿಕ್ಕಿ ಮತ್ತೆ ಅಂಕಣಕ್ಕೆ ಕಳುಹಿಸದೆ ಮೂಳೆ ತಜ್ಞರಿಗೆ ತೋರಿಸಿ.

ಅಭ್ಯಾಸ ನಿಲ್ಲುವುದರಿಂದ ಆರಂಭವಾಗಲಿ. ಐದು ಮೀಟರ್ ಓಡಿ, ಗೆರೆಯ ಬಳಿ ಎರಡು ಮೂರು ಹೆಜ್ಜೆಗಳಲ್ಲಿ ತಗ್ಗಿ ನಿಲ್ಲಲಿ. ಅದು ಅಲುಗಾಡದೆ ಬಂದ ಮೇಲೆ ಹತ್ತು ಮೀಟರ್ ಓಟ, ನಂತರ 45 ಡಿಗ್ರಿಯ ತಿರುವು, ಬಳಿಕ 90, ಕೊನೆಗೆ 180. ಒಂದು ಅವಧಿಗೆ ಪೂರ್ಣ ವೇಗದ ಹದಿನೈದು ಇಪ್ಪತ್ತು ತಿರುವುಗಳು ಧಾರಾಳವಾಯಿತು. ಐದು ಸೆಕೆಂಡಿನ ಪ್ರಯತ್ನಕ್ಕೆ ಸುಮಾರು ಒಂದು ನಿಮಿಷದ ವಿಶ್ರಾಂತಿ ಕೊಡಿ. ಏದುಸಿರು ಬಿಡುತ್ತ ತಿರುಗಿದರೆ ಬೆಳೆಯುವುದು ದಮ್ಮು ಮಾತ್ರ, ತಿರುವಿನ ಕ್ರಮ ಕೆಡುತ್ತದೆ. ವಾರಕ್ಕೆ ಐದು ದಿನದ ಬದಲು ನಡುವೆ ಬಿಡುವಿರುವ ಮೂರು ದಿನ ಸಾಕು. ಎರಡು ದಿನ ಬಲವರ್ಧನೆಗೆ ಮೀಸಲಿಡಿ: ಸ್ಕ್ವಾಟ್, ಒಂಟಿ ಕಾಲಿನ ಸ್ಕ್ವಾಟ್, ಪಕ್ಕಕ್ಕೆ ಅಗಲವಾಗಿ ಹೆಜ್ಜೆಯಿಟ್ಟು ಆ ಮೊಣಕಾಲನ್ನು ಬಗ್ಗಿಸುವ ಲಂಜ್, ಗೆಳತಿ ಹಿಮ್ಮಡಿ ಹಿಡಿದುಕೊಂಡಾಗ ಮಂಡಿಯೂರಿ ಮುಂದಕ್ಕೆ ನಿಧಾನವಾಗಿ ಬಾಗುವ ನಾರ್ಡಿಕ್ ವ್ಯಾಯಾಮ, ಮತ್ತು ಸುಮಾರು 30 ಸೆಂಟಿಮೀಟರ್ ಎತ್ತರದಿಂದ ಇಳಿದು ಸದ್ದಿಲ್ಲದೆ ನೆಲೆಯೂರುವುದು.

ಎರಡನೆಯ ಕೊರತೆಯನ್ನು ಸೀಟಿ ಊದಿ, ಕೈ ತೋರಿಸಿ ನೀಗಿಸಲಾಗದು. ನುರಿತ ಆಟಗಾರ್ತಿ ಎದುರಾಳಿಯ ಸೊಂಟ, ಭುಜ, ಭಾರ ಊರಿದ ಕಾಲು ಇವುಗಳಿಂದ ಮುಂದಿನ ನಡೆಯನ್ನು ಊಹಿಸುತ್ತಾಳೆ, ಸೀಟಿಯಲ್ಲಿ ಅಂಥ ಸುಳಿವು ಯಾವುದೂ ಇಲ್ಲ. ಆದ್ದರಿಂದ ಎದುರಿಗೆ ಮನುಷ್ಯರೇ ಇರಲಿ. ಅಂಕಣವನ್ನು ಕಿರಿದು ಮಾಡಿ ಒಬ್ಬ ರೈಡರ್ ಮತ್ತು ಒಬ್ಬ ಡಿಫೆಂಡರ್, ಹತ್ತು ಸೆಕೆಂಡಿನ ಆಟ. ನಂತರ ಇಬ್ಬರು, ಆಮೇಲೆ ಕೈಹಿಡಿದ ಚೈನ್. ಡಿಫೆಂಡರ್ ಒಮ್ಮೆ ನಿಜವಾಗಿ ನುಗ್ಗಲಿ, ಇನ್ನೊಮ್ಮೆ ನುಗ್ಗಿದಂತೆ ನಟಿಸಲಿ. ನಮ್ಮ ಕರಾವಳಿಯ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಬೆಳೆದ ಹಿಂದಿನವರು ಲ್ಯಾಡರ್ ಕಾಣದೆಯೂ ಚುರುಕಾಗಿದ್ದುದಕ್ಕೆ ಇದೇ ಕಾರಣವಿರಬೇಕು.

ಪ್ರಗತಿಯನ್ನು ಅಳೆಯಲು 505 ಪರೀಕ್ಷೆ ನಿಮಗೆ ಹೆಚ್ಚು ಉಪಯುಕ್ತ. ಗೆರೆಗಿಂತ 15 ಮೀಟರ್ ಹಿಂದಿನಿಂದ ಓಡಿ ಬರಬೇಕು. ಗೆರೆಗೆ 5 ಮೀಟರ್ ಇರುವಲ್ಲಿಂದ ಸಮಯದ ಲೆಕ್ಕ ಆರಂಭವಾಗಿ, ಗೆರೆ ಮುಟ್ಟಿ ತಿರುಗಿ ಮತ್ತೆ ಅದೇ 5 ಮೀಟರ್ ಗುರುತನ್ನು ದಾಟಿದಾಗ ಮುಗಿಯುತ್ತದೆ. ಈ ಸಮಯದಿಂದ 10 ಮೀಟರ್ ನೇರ ಓಟದ ಸಮಯವನ್ನು ಕಳೆದರೆ ತಿರುವಿಗೆ ತಗುಲಿದ ಕಾಲ ಸಿಗುತ್ತದೆ. ಉದಾಹರಣೆಗೆ 2.90 ಸೆಕೆಂಡಿನಿಂದ 2.10 ಕಳೆದರೆ 0.80. ನೇರ ಓಟ ಸುಧಾರಿಸಿಯೂ ಈ ಅಂತರ ಇಳಿಯದಿದ್ದರೆ ತಡೆಯುವ ಬಲ ಇನ್ನೂ ಬಂದಿಲ್ಲವೆಂದು ತಿಳಿಯಿರಿ. ಎಡಗಾಲು, ಬಲಗಾಲುಗಳ ಲೆಕ್ಕ ಬೇರೆ ಬೇರೆ ಇರಲಿ. ಸ್ಟಾಪ್‌ವಾಚ್ ಒತ್ತುವ ಬೆರಳು ತಪ್ಪುವುದರಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ಅಳೆಯುವುದು ಮೇಲು.

ಪ್ರಶ್ನೆ: ಉಡುಪಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಮೈದಾನ ಕೆಸರಾಗಿರುತ್ತದೆ. ಶಾಲೆಯ ಸಭಾಂಗಣದಲ್ಲಿ ತಿರುವಿನ ಅಭ್ಯಾಸ ಮಾಡಿಸಬಹುದೇ?

ಉತ್ತರ: ನುಣುಪಾದ ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲದ ಮೇಲೆ ವೇಗದ ತಿರುವು ಬೇಡ. ಮಳೆಗಾಲವನ್ನು ಬಲವರ್ಧನೆಗೂ ನೆಲೆಯೂರುವ ಅಭ್ಯಾಸಕ್ಕೂ ಬಳಸಿಕೊಳ್ಳಿ. ಮ್ಯಾಟ್ ಇದ್ದರೆ ತಿರುವನ್ನೂ ಮಾಡಿಸಬಹುದು, ಆದರೆ ಮಣ್ಣಿನಲ್ಲಿ ಬರಿಗಾಲಿನಲ್ಲಿ ಆಡಿದವರು ಶೂ ಹಾಕಿ ಮ್ಯಾಟಿಗೆ ಬಂದಾಗ ಪಾದಕ್ಕೆ ಹಿಡಿತ ಹೆಚ್ಚಾಗಿ, ಮಣ್ಣಿನಲ್ಲಿ ಕೊಂಚ ಜಾರಿ ಕಳೆದುಹೋಗುತ್ತಿದ್ದ ಬಲವೆಲ್ಲ ಮೊಣಕಾಲಿಗೇ ಬರುತ್ತದೆ. ಮೊದಲ ಎರಡು ವಾರ ತಿರುವುಗಳ ಸಂಖ್ಯೆ ಅರ್ಧದಷ್ಟಿರಲಿ, ವೇಗವೂ ತುಸು ಕಡಿಮೆಯಿರಲಿ.